ಅಮೆರಿಕದ ‘ಎಂಟಾಣೆ’ಗೂ ಬ್ಲಾಕ್ ಮಾರ್ಕೆಟ್!

ಹೊಸ ಸಿನಿಮಾ ಬಂದ ದಿನ ಕೌಂಟರಿನಲ್ಲಿ ‘ಹೌಸ್‌ಫುಲ್’ ಬೋರ್ಡು, ಗೇಟಿನ ಪಕ್ಕದಲ್ಲಿ ಬ್ಲಾಕ್ ಟಿಕೆಟ್ಟು. ಈ ಆಟ ಹಿರಿಯ ಓದುಗರಿಗೆಲ್ಲ ಗೊತ್ತಿದ್ದದ್ದೇ. ಅಮೆರಿಕದಲ್ಲಿ ಇದೇ ಆಟವನ್ನು ಸರ್ಕಾರಿ ಟಂಕಸಾಲೆಯ ನಾಣ್ಯದಲ್ಲೇ ಆಡಿದ್ದರು ಅಂದ್ರೆ ನಂಬ್ತೀರಾ?

ಶಿಕಾಗೋ ವಸ್ತುಪ್ರದರ್ಶನದ ಸಹಾಯಾರ್ಥ 1892ರಲ್ಲಿ ಕೊಲಂಬಸ್ ಚಿತ್ರದ ಅರ್ಧ ಡಾಲರ್ ಹೊರಟಿತು. ನಮ್ಮ ಲೆಕ್ಕದಲ್ಲಿ ಎಂಟಾಣೆ ಅನ್ನಿ. ತೂಕ 12.5 ಗ್ರಾಂ, ನೂರಕ್ಕೆ 90 ಪಾಲು ಬೆಳ್ಳಿ. ಮುಖಬೆಲೆ 50 ಸೆಂಟು, ಮಾರಿದ್ದು ಒಂದು ಡಾಲರಿಗೆ. ಹೊಡೆಸಿದ್ದು ವಿಪರೀತ, ಕೊಂಡವರು ಕಮ್ಮಿ. ಉಳಿದದ್ದರಲ್ಲಿ ಒಂದಷ್ಟು ಕರಗಿತು, ಒಂದಷ್ಟು ಮುಖಬೆಲೆಗೇ ಪೇಟೆಗೆ ಬಂತು. ಡಾಲರ್ ತೆತ್ತವನು ಪೆಚ್ಚು!

ಆಮೇಲೆ ಇದೇ ಪದ್ಧತಿಯಾಯಿತು. ಕಾಂಗ್ರೆಸ್ ಕಾನೂನು ಮಾಡುವುದು, ಉತ್ಸವ ಸಮಿತಿ ಮುಖಬೆಲೆಗೆ ನಾಣ್ಯ ಎತ್ತುವುದು, ತನಗೆ ತೋಚಿದ ದರಕ್ಕೆ ಮಾರುವುದು.

1936ರಲ್ಲಂತೂ ಹದ್ದು ಮೀರಿತು. ಸಿನ್ಸಿನಾಟಿ ಊರು ಸಂಗೀತ ಕೇಂದ್ರವಾಗಿ 50 ವರ್ಷವಾಯಿತೆಂದು ಥಾಮಸ್ ಮೆಲಿಷ್ ಎಂಬಾತನ ಮುಂದಾಳತ್ವದಲ್ಲಿ ನಾಣ್ಯ ಹೊರಟಿತು. ನಾಣ್ಯದ ಮೇಲೆ ಗೀತರಚನೆಕಾರ ಸ್ಟೀಫನ್ ಫಾಸ್ಟರ್. ಆತ ತೀರಿಕೊಂಡದ್ದೋ 1864ರಲ್ಲಿ! 1886ರಲ್ಲಿ ಆ ಊರಿನಲ್ಲಿ ನಡೆದ ವಿಶೇಷವೇನು? ಕಲಾ ಆಯೋಗವೇ ತಕರಾರು ತೆಗೆಯಿತು. ಕೇಳುವವರಾರು? ಮೂರು ಟಂಕಸಾಲೆಗಳ ಮೂರು ನಾಣ್ಯದ ಒಂದು ಸೆಟ್ಟು; ಇದ್ದದ್ದು ಸುಮಾರು 5,000 ಸೆಟ್ಟು ಮಾತ್ರ. ಒಂದೂವರೆ ಡಾಲರಿನ ಮಾಲಿಗೆ 7.75 ಡಾಲರ್! ಬಂದ ಹಾಗೇ ಮಾಯ. ಕೈ ಬದಲಾಯಿಸಿದ ಸೆಟ್ಟಿನ ಬೆಲೆ ಹಲವು ಪಟ್ಟು ಏರಿತು. ಪ್ರೀತಿಯಿಂದ ಕೂಡಿಡುತ್ತಿದ್ದ ಸಾಮಾನ್ಯ ಸಂಗ್ರಾಹಕ ಬಾಯಿ ಬಿಟ್ಟು ನೋಡಿದ.

ಗಲಾಟೆ ಜೋರಾಗಿ, 1939ರಲ್ಲಿ ಹಳೆಯ ಮಂಜೂರಾತಿಗಳಿಗೆಲ್ಲ ಕಾಂಗ್ರೆಸ್ ಬೀಗ ಹಾಕಿತು. 1954ರ ನಂತರ ಇಂಥ ನಾಣ್ಯ ನಿಂತೇಹೋಗಿ, ಮತ್ತೆ ಶುರುವಾದದ್ದು 1982ರಲ್ಲಿ.

ತಮಾಷೆ ಏನು ಗೊತ್ತಾ? ವಯಸ್ಸಿನಲ್ಲಿ ಹಿರಿಯನಾದ ಕೊಲಂಬಸ್ ನಾಣ್ಯ ಸವೆದಿದ್ದರೆ ಇಂದಿಗೂ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ಸಿಗುತ್ತದೆ. ಕಿರಿಯ ಸಿನ್ಸಿನಾಟಿ ಸೆಟ್ಟಿಗೆ ಮಾತ್ರ ದುಬಾರಿ ದರ. ನಾಣ್ಯಕ್ಕೆ ಬೆಲೆ ಬರುವುದು ವಯಸ್ಸಿನಿಂದಲ್ಲ. ಎಷ್ಟು ಉಳಿದಿದೆ, ಎಷ್ಟು ಜನಕ್ಕೆ ಬೇಕು, ಹೇಗಿದೆ ಎಂಬುದರಿಂದ.

ಅಂಗಡಿಯ ಗಲ್ಲಾದಲ್ಲೋ ಅಜ್ಜಿಯ ಪೆಟ್ಟಿಗೆಯಲ್ಲೋ ಹಳೆ ಬೆಳ್ಳಿ ನಾಣ್ಯ ಸಿಕ್ಕರೆ ಒಂದು ಮಾತು ನೆನಪಿರಲಿ. ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ! ಮೂಲ ಹೊಳಪು ಹೋದರೆ ಬೆಲೆಯೂ ಹೋಯಿತು. ‘ನೂರು ವರ್ಷದ್ದು ಸಾರ್, ಲಕ್ಷ ಬಾಳುತ್ತೆ’ ಅಂತ ಯಾರಾದರೂ ಬಸ್‌ಸ್ಟ್ಯಾಂಡಿನಲ್ಲಿ ಕಿವಿಯೂದಿದರೆ, ಸಿನ್ಸಿನಾಟಿ ಸಂಗೀತ ನೆನೆಸಿಕೊಂಡು ನಿಮ್ಮ ಬಸ್ಸು ಹತ್ತಿ.