ಮುಂದಿನ ಗಾಲಿಗಳ ನಡುಕ: ನಾಲ್ಕು ಚಕ್ರ ಚಾಲನೆಯ ಜೀಪಿನಲ್ಲಿ ದೋಷ ಪತ್ತೆ ಹಚ್ಚುವ ಬಗೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟಗಳಲ್ಲಿ ನಾಲ್ಕು ಚಕ್ರ ಚಾಲನೆಯ ಜೀಪು ಬಹುಕಾಲದಿಂದ ಬಳಕೆಯಲ್ಲಿದೆ. ಮಳೆಗಾಲದ ಕೆಸರು ದಾರಿಯಲ್ಲಿ ಗೊಬ್ಬರ ಸಾಗಿಸಲು, ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣನ್ನು ಕಣಕ್ಕೆ ತರಲು ಇದಕ್ಕೆ ಸಮನಾದ ವಾಹನ ಕಡಿಮೆ. ಆದರೆ ಇಂತಹ ಜೀಪು ಟಾರು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಗುಂಡಿಗೆ ಇಳಿದು ಎದ್ದ ಕೂಡಲೇ, ಮುಂದಿನ ಗಾಲಿಗಳೆರಡೂ ಎಡಬಲಕ್ಕೆ ರಭಸದಿಂದ ಹೊಯ್ದಾಡುವುದುಂಟು. ಆಗ ಸ್ಟಿಯರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಘಾಟಿಯ ತಿರುವಿನಲ್ಲಿ ಹೀಗಾದರೆ ಪ್ರಾಣಕ್ಕೇ ಸಂಚಕಾರ.

ಇಂತಹ ಸಂದರ್ಭದಲ್ಲಿ ಯಾರೋ ಹೇಳಿದ ಒಂದು ಬಿಡಿಭಾಗವನ್ನು ಬದಲಿಸುವುದು, ಇಲ್ಲವೇ ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಿ ಸುಮ್ಮನಾಗುವುದು ಸಾಮಾನ್ಯ. ಡ್ಯಾಂಪರ್ ನಡುಕವನ್ನು ಅಡಗಿಸುತ್ತದೆಯೇ ಹೊರತು ಅದರ ಮೂಲವನ್ನು ಸರಿಪಡಿಸುವುದಿಲ್ಲ. ಸವೆದ ಭಾಗ ಒಳಗೇ ಸವೆಯುತ್ತಿದ್ದು, ಮುಂದೊಂದು ದಿನ ಹೆಚ್ಚಿನ ಅಪಾಯ ತರುತ್ತದೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಅನಂತರವೇ ಹಣ ಖರ್ಚು ಮಾಡಬೇಕು.

ನಡುಕಕ್ಕೆ ಕಾರಣವೇನು?

ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆಯಂತಿದ್ದು, ಪಟ್ಟಿ ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ಎರಡು ಗಾಲಿಗಳನ್ನೂ ಟೈ ರಾಡ್ ಜೋಡಿಸಿರುವುದರಿಂದ ಒಂದು ಗಾಲಿಯ ಅಲುಗಾಟ ಇನ್ನೊಂದಕ್ಕೂ ತಗಲುತ್ತದೆ. ಕಿಂಗ್ ಪಿನ್ ಬೇರಿಂಗ್, ಟೈ ರಾಡಿನ ತುದಿ, ಸ್ಪ್ರಿಂಗಿನ ಬುಷ್ ಇವುಗಳಲ್ಲಿ ಸ್ವಲ್ಪ ಸ್ವಲ್ಪ ಸಡಿಲವಿದ್ದರೂ ಸಾಕು, ಎಲ್ಲವೂ ಕೂಡಿ ದೊಡ್ಡ ಹೊಯ್ದಾಟವಾಗುತ್ತದೆ. ಒಂದೇ ಭಾಗ ಬದಲಿಸಿದಾಗ ದೋಷ ಪೂರ್ತಿ ಹೋಗದಿರಲು ಇದೇ ಕಾರಣ.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕಾಣಿಸಿಕೊಂಡು, ಅದನ್ನು ದಾಟಿದರೆ ಕಡಿಮೆಯಾಗುವ ನಡುಕಕ್ಕೆ ಹೆಚ್ಚಾಗಿ ಗಾಲಿಯ ತೂಕದ ಅಸಮತೋಲನ ಕಾರಣ. ಗುಂಡಿಗೆ ಬಿದ್ದೊಡನೆ ಆರಂಭವಾಗಿ, ವೇಗ ತೀರ ತಗ್ಗುವವರೆಗೂ ನಿಲ್ಲದ ಹೊಯ್ದಾಟವಾದರೆ ಕೀಲುಗಳಲ್ಲಿ ಸಡಿಲವಿದೆಯೆಂದು ಶಂಕಿಸಬೇಕು.

ಮೊದಲ ಹಂತ: ಟೈರು ಮತ್ತು ರಿಮ್

ಗದ್ದೆ, ತೋಟಗಳಲ್ಲಿ ಓಡಾಡಿದ ಜೀಪಿನ ರಿಮ್ಮಿನ ಒಳಬದಿಯಲ್ಲಿ ಕೆಸರು ಮೆತ್ತಿ ಒಣಗಿರುತ್ತದೆ. ಇದೊಂದೇ ನಡುಕಕ್ಕೆ ಸಾಕಾಗಬಹುದು. ಮೊದಲು ಅದನ್ನು ಕೆರೆದು ತೊಳೆಯಬೇಕು. ಮುಂದಿನ ಎರಡು ಟೈರುಗಳ ಗಾಳಿ ಸಮವಾಗಿರಬೇಕು. ಪ್ರಮಾಣವನ್ನು ವಾಹನದ ಕೈಪಿಡಿಯಂತೆ ಇಡಬೇಕು. ಗಾಲಿಯ ನಟ್ಟುಗಳನ್ನು ಬಿಗಿಗೊಳಿಸಬೇಕು. ಗಾಲಿಯನ್ನು ನೆಲದಿಂದ ಎತ್ತಿ ತಿರುಗಿಸಿ, ರಿಮ್ಮಿನ ಅಂಚಿಗೆ ಸಮೀಪವಾಗಿ ಒಂದು ಕಡ್ಡಿ ಹಿಡಿದರೆ ರಿಮ್ ಬಾಗಿದೆಯೇ ಎಂಬುದು ತಿಳಿಯುತ್ತದೆ. ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿದಾಗ ನಡುಕ ಬದಲಾದರೆ ದೋಷ ಟೈರು ಅಥವಾ ರಿಮ್ಮಿನಲ್ಲಿದೆ.

ಎರಡನೆಯ ಹಂತ: ಬೇರಿಂಗುಗಳು

ಜೀಪನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಬೇಕು. ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿದ ಮೇಲೆ ಅದರಡಿ ಗಟ್ಟಿಯಾದ ಸ್ಟ್ಯಾಂಡ್ ಇಡಬೇಕು. ಬರೀ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ನುಸುಳಬಾರದು.

ಗಾಲಿಯನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಬೇಕು. ಅಲುಗಾಟ ಕಂಡರೆ ಇನ್ನೊಬ್ಬರು ಬ್ರೇಕ್ ತುಳಿಯುತ್ತಿರುವಾಗ ಮತ್ತೆ ಅಲ್ಲಾಡಿಸಬೇಕು. ಬ್ರೇಕ್ ತುಳಿದಾಗ ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ ಬೇರಿಂಗಿನದು. ಈ ಸುಲಭ ಪರೀಕ್ಷೆಯಿಂದ ಅನಾವಶ್ಯಕ ಖರ್ಚು ತಪ್ಪುತ್ತದೆ.

ಗಾಲಿಯ ಬೇರಿಂಗನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿ, ನಟ್ಟನ್ನು ಹದವಾಗಿ ಬಿಗಿದು, ಲಾಕ್ ವಾಷರಿನ ಅಂಚನ್ನು ಮಡಚಬೇಕು. ಕಿಂಗ್ ಪಿನ್ನಿನ ಬಿಗಿತವನ್ನು ಶಿಮ್ ಎನ್ನುವ ತೆಳು ತಗಡುಗಳಿಂದ ಹೊಂದಿಸುವುದರಿಂದ ಅದನ್ನು ಅನುಭವಿ ಮೆಕ್ಯಾನಿಕರಿಂದ ಮಾಡಿಸುವುದು ಉತ್ತಮ. ಬಿಗಿ ಹೆಚ್ಚಾದರೆ ಸ್ಟಿಯರಿಂಗ್ ಗಡುಸಾಗುತ್ತದೆ. ಹೊಳೆ, ಹಳ್ಳ ದಾಟುವ ಜೀಪುಗಳಲ್ಲಿ ನೀರು ಒಳಸೇರಿ ಗ್ರೀಸ್ ಕೆಡುವುದರಿಂದ ಮಳೆಗಾಲ ಮುಗಿದೊಡನೆ ಈ ಭಾಗಗಳನ್ನೂ ಸೀಲುಗಳನ್ನೂ ನೋಡಬೇಕು.

ಮೂರನೆಯ ಹಂತ: ಕೀಲುಗಳು ಮತ್ತು ಸ್ಪ್ರಿಂಗ್

ಗಾಲಿಗಳನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿದ ಸ್ಥಿತಿಯಲ್ಲಿ ಒಬ್ಬರು ಸ್ಟಿಯರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತಿರಬೇಕು. ಇನ್ನೊಬ್ಬರು ಪ್ರತಿಯೊಂದು ಕೀಲಿನ ಮೇಲೂ ಕೈಯಿಟ್ಟು ನೋಡಬೇಕು. ಸ್ಟಿಯರಿಂಗ್ ಬಾಕ್ಸನ್ನು ಛಾಸಿಗೆ ಕೂಡಿಸಿದ ಬೋಲ್ಟುಗಳು, ಡ್ರ್ಯಾಗ್ ಲಿಂಕ್, ಟೈ ರಾಡಿನ ತುದಿಗಳು ಇವುಗಳನ್ನು ಕ್ರಮವಾಗಿ ಪರೀಕ್ಷಿಸಬೇಕು. ಒಂದು ಭಾಗ ಚಲಿಸಿದರೂ ಅದಕ್ಕೆ ಕೂಡಿದ ಮುಂದಿನ ಭಾಗ ತಡವಾಗಿ ಚಲಿಸಿದರೆ ಸವೆತ ಅಲ್ಲೇ ಇದೆ. ಬಾಕ್ಸಿನ ಸುತ್ತ ಛಾಸಿ ಬಿರುಕು ಬಿಟ್ಟಿದೆಯೇ ಎಂದೂ ನೋಡಬೇಕು. ಬೇರೆಡೆಯ ಸಡಿಲವನ್ನು ಮರೆಮಾಡಲು ಬಾಕ್ಸಿನ ಸ್ಕ್ರೂ ಬಿಗಿಯುವುದು ತಪ್ಪು.

ಬಳಿಕ ಯು-ಬೋಲ್ಟುಗಳು, ಶ್ಯಾಕಲ್ ಬುಷುಗಳು ಹಾಗೂ ಸ್ಪ್ರಿಂಗ್ ಪಟ್ಟಿಗಳನ್ನು ನೋಡಬೇಕು. ಸ್ಪ್ರಿಂಗಿನ ನಡುವಿನ ಬೋಲ್ಟು ಮುರಿದರೆ ಆಕ್ಸಲ್ ಒಂದೆಡೆ ಹಿಂದೆ ಸರಿಯುತ್ತದೆ. ಆಕ್ಸಲಿನಿಂದ ಛಾಸಿಯ ಒಂದೇ ಗುರುತಿನವರೆಗೆ ಎರಡೂ ಬದಿ ಅಳೆದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕೊನೆಯ ಹಂತ: ಗಾಲಿಗಳ ನೇರ

ಎಲ್ಲ ಸಡಿಲ ಸರಿಪಡಿಸಿದ ಮೇಲಷ್ಟೇ ಇದನ್ನು ಅಳೆಯಬೇಕು. ಗಾಲಿಗಳನ್ನು ನೇರವಾಗಿಟ್ಟು, ಎರಡೂ ಟೈರುಗಳ ನಡುಮಧ್ಯದಲ್ಲಿ ಆಕ್ಸಲಿನ ಎತ್ತರಕ್ಕೆ ಮುಂಬದಿಯಲ್ಲಿ ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆಯಬೇಕು. ಗುರುತು ಹಿಂಬದಿಗೆ ಅದೇ ಎತ್ತರಕ್ಕೆ ಬರುವಂತೆ ಜೀಪನ್ನು ಮುಂದೆ ತಳ್ಳಿ ಮತ್ತೆ ಅಳೆಯಬೇಕು. ಹಳೆಯ ವಿಲ್ಲೀಸ್ ಮಾದರಿಗಳಲ್ಲಿ ಮುಂದಿನ ಅಳತೆ ಹಿಂದಿನದಕ್ಕಿಂತ ಸುಮಾರು 1ರಿಂದ 2.5 ಮಿ.ಮೀ. ಕಡಿಮೆಯಿರಬೇಕು. ಬೇರೆ ಮಾದರಿಗಳಿಗೆ ಕೈಪಿಡಿಯ ಅಳತೆ ಅನುಸರಿಸಬೇಕು. ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ ಈ ಮಾದರಿಗಳಲ್ಲಿ ಸುಮಾರು 3 ಡಿಗ್ರಿ. ಸ್ಪ್ರಿಂಗನ್ನು ಎತ್ತರಿಸಿದಾಗ ಇದು ಕಡಿಮೆಯಾದರೆ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ.

ಸ್ಟಿಯರಿಂಗ್ ಗಡುಸಾದರೆ, ಒಂದೆಡೆಗೆ ಎಳೆದರೆ

ಗಾಳಿ ಕಡಿಮೆಯಾಗಿರುವುದು, ಕೀಲುಗಳಲ್ಲಿ ಗ್ರೀಸ್ ಒಣಗಿರುವುದು ಗಡುಸಿಗೆ ಮೊದಲ ಕಾರಣಗಳು. ಕೆಸರಿನಿಂದ ಟಾರು ರಸ್ತೆಗೆ ಬಂದ ಮೇಲೂ ಮುಂದಿನ ಚಾಲನೆಯನ್ನು ಬಿಡಿಸದಿರುವುದು ಇನ್ನೊಂದು ಕಾರಣ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಿ ಗಾಲಿ ಜಾರಿ ಇದು ಸರಿಹೋಗುತ್ತದೆ, ಟಾರಿನ ಮೇಲೆ ಸರಿಹೋಗದೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಸನ್ನೆ ಬಿಡಿಸಲು ಬಾರದಿದ್ದರೆ ಕೆಲವು ಅಡಿ ನೇರವಾಗಿ ಹಿಂದೆ ಹೋಗಿ ಪ್ರಯತ್ನಿಸಬೇಕು. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು. ಒಂದೆಡೆಗೆ ಎಳೆತವಿದ್ದರೆ ಗಾಳಿಯ ವ್ಯತ್ಯಾಸ, ಹಿಡಿದುಕೊಂಡ ಬ್ರೇಕ್, ಮುರಿದ ಸ್ಪ್ರಿಂಗ್ ಪಟ್ಟಿ ಇವುಗಳನ್ನು ನೋಡಬೇಕು.

ದಾರಿಯಲ್ಲಿ ಹೊಯ್ದಾಟ ಬಂದರೆ

ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಸ್ಟಿಯರಿಂಗನ್ನು ದೃಢವಾಗಿ ಹಿಡಿಯಬೇಕು, ಅದರೊಡನೆ ಸೆಣಸಬಾರದು. ಬ್ರೇಕನ್ನು ಒಮ್ಮೆಲೇ ತುಳಿಯದೆ ನಿಧಾನವಾಗಿ ವೇಗ ತಗ್ಗಿಸಿ ರಸ್ತೆಯ ಬದಿಗೆ ನಿಲ್ಲಿಸಬೇಕು. ವಾಹನ ನಿಂತೊಡನೆ ನಡುಕ ನಿಂತಿತೆಂದು ಜನರನ್ನು ತುಂಬಿಕೊಂಡು ಮತ್ತೆ ಹೊರಡುವುದು ಸಲ್ಲದು. ಕಾರಣ ಪತ್ತೆಯಾಗುವವರೆಗೆ ಆ ಜೀಪು ತೋಟದ ಒಳದಾರಿಯಲ್ಲಿ ನಿಧಾನವಾಗಿ ಓಡಲಿ, ಘಾಟಿ ಇಳಿಯುವುದು ಬೇಡ.