ಕಬ್ಬಿಣಕ್ಕೆ ಪುಡಿಬಣ್ಣದ ಹೊದಿಕೆ

ರತ್ನಗಿರಿ, ಮಡಕಶಿರಾ ಕಡೆ ಕಡಲೆಕಾಯಿ ಬಿತ್ತಿದ ಮೇಲೆ ಟ್ರ್ಯಾಕ್ಟರ್ ಕೂರಿಗೆಯ ಗೊಬ್ಬರದ ಪೆಟ್ಟಿಗೆಯನ್ನು ತೊಳೆಯದೆ ಬಿಟ್ಟರೆ, ಉಳಿದ ಗೊಬ್ಬರ ತೇವ ಹೀರಿ ತಗಡನ್ನು ತಿನ್ನುತ್ತದೆ. ಇದಕ್ಕೆ ಪೌಡರ್ ಕೋಟಿಂಗ್ ಒಳ್ಳೆಯ ಹೊದಿಕೆ. ಬಣ್ಣದ ಒಣ ಪುಡಿಗೆ ವಿದ್ಯುತ್ತು ಹತ್ತಿಸಿ ಊದಿದರೆ, ಅರ್ಥ್ ತಂತಿ ಕಟ್ಟಿದ ಲೋಹಕ್ಕೆ ಅದು ಅಂಟುತ್ತದೆ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿ ಗಟ್ಟಿ ಪದರವಾಗುತ್ತದೆ. ಮೊದಲೇ ತುಕ್ಕು, ಜಿಡ್ಡು ಪೂರಾ ತೆಗೆಯದಿದ್ದರೆ ಬಣ್ಣದಡಿಯಲ್ಲೇ ತುಕ್ಕು ಹಬ್ಬುತ್ತದೆ.

ಪೆಟ್ಟಿಗೆಯನ್ನು ಪೇಟೆಗೆ ಒಯ್ಯಬೇಕು. ಮುಚ್ಚಳ, ಕೊಂಡಿಗಳಂಥ ಸಣ್ಣವನ್ನು ನಾವೇ ಮಾಡಿಕೊಳ್ಳಬಹುದು. ಆದರೆ ಇದಕ್ಕೆ ಬಳಸಿದ ಓವನ್ನಿನಲ್ಲಿ ಮತ್ತೆ ತಿನ್ನುವ ಪದಾರ್ಥ ಬೇಯಿಸಲೇಬಾರದು. ಗಾಳಿಯಲ್ಲಿ ತೇಲುವ ಪುಡಿಗೆ ಕಿಡಿ ತಾಗಿದರೆ ಭಗ್ಗನೆ ಹತ್ತೀತು. ಬೀಡಿ ದೂರವಿರಲಿ, ಬಾಯಿಮೂಗಿಗೆ ಮುಖಗವಸು ಇರಲಿ.

ಮಣ್ಣಿಗೆ ಉಜ್ಜುವ ಗುಳಕ್ಕೆ ಈ ಖರ್ಚು ದಂಡವೆಂದೇ ನಮ್ಮ ಅಭಿಪ್ರಾಯ. ಬಣ್ಣ ಬೇಗ ಸವೆಯುತ್ತದೆ. ತೊಳೆದು, ಒಣಗಿಸಿ, ಎಣ್ಣೆ ಸವರಿಟ್ಟರೆ ಸಾಕು.