ರೇಡಿಯೊದ ತಕ್ಕಡಿ ಮತ್ತು ಶರಾವತಿಯ ಹಿನ್ನೀರು

ಕಾಮರ್ಸ್ ಓದುವವರಿಗೆ ರೇಡಿಯೊದ ಉಸಾಬರಿ ಯಾಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಇದು ಲೆಕ್ಕ ತಾಳೆ ನೋಡುವ ವಿಷಯ, ಆದ್ದರಿಂದ ನಮಗೂ ಸೇರಿದ್ದು.

ಆಂಟೆನಾಕ್ಕೆ ಬಂದು ತಲುಪುವ ಸಿಗ್ನಲ್ ತೀರಾ ಸಣ್ಣದು. ಧಾರವಾಡ ಆಕಾಶವಾಣಿಯ ವಾರ್ತೆ ಶಿಗ್ಗಾಂವದಲ್ಲಿ ಕೇಳಿಸಬೇಕಾದರೆ ರಿಸೀವರ್ ಆ ಸಿಗ್ನಲ್ಲನ್ನು ಬಹಳ ಪಟ್ಟು ದೊಡ್ಡದು ಮಾಡಬೇಕು. ಎಷ್ಟು ಪಟ್ಟು ದೊಡ್ಡದಾಯಿತು ಎಂಬುದೇ ‘ಗೇನ್’. ಇದನ್ನು ಡೆಸಿಬೆಲ್ ಲೆಕ್ಕದಲ್ಲಿ ಹೇಳುತ್ತಾರೆ. ತೊಂದರೆ ಏನೆಂದರೆ, ಈ ಕೆಲಸ ಮಾಡುವ ಆಂಪ್ಲಿಫೈಯರ್ ಬಿಸಿಯಾದಂತೆ ಅದರ ಗೇನ್ ಸಾಮಾನ್ಯವಾಗಿ ಇಳಿಯುತ್ತದೆ. ಒಂದು ಹಂತದ ಆಂಪ್ಲಿಫೈಯರ್ ಪ್ರತಿ ಡಿಗ್ರಿಗೆ 0.01 ಡೆಸಿಬೆಲ್ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಇಂಥ 5 ಹಂತಗಳು ಸಾಲಾಗಿವೆ, ನಮ್ಮ ಏಪ್ರಿಲ್ ಬಿಸಿಲಿಗೆ ಪೆಟ್ಟಿಗೆ 20 ಡಿಗ್ರಿ ಹೆಚ್ಚು ಕಾಯಿತು. 0.01 × 5 × 20 ಅಂದರೆ 1 ಡೆಸಿಬೆಲ್. ಕೇಳಲು ಸಣ್ಣ ಸಂಖ್ಯೆ. ಆದರೆ ಬೆಳಗ್ಗೆ 100 ಎಂದು ತೋರಿಸಿದ ಶಕ್ತಿಯನ್ನೇ ಯಂತ್ರ ಮಧ್ಯಾಹ್ನ ಸುಮಾರು 79 ಎಂದು ತೋರಿಸುತ್ತದೆ. ನೂರಕ್ಕೆ ಇಪ್ಪತ್ತೊಂದು ರೂಪಾಯಿ ಎಲ್ಲಿ ಹೋಯಿತು ಎಂದು ನಮ್ಮ ಅಕೌಂಟೆನ್ಸಿಯಲ್ಲಿ ಯಾರಾದರೂ ಸುಮ್ಮನೆ ಬಿಡುತ್ತಾರೆಯೇ?

ಮನೆಯ ರೇಡಿಯೊದಲ್ಲಿ ಇದು ನಮಗೆ ಗೊತ್ತೇ ಆಗುವುದಿಲ್ಲ. 1925ರಲ್ಲಿ ಅಮೆರಿಕದ ಹೆರಾಲ್ಡ್ ವೀಲರ್ ಕಂಡುಹಿಡಿದ ಸ್ವಯಂಚಾಲಿತ ಗೇನ್ ನಿಯಂತ್ರಣ ಅದರೊಳಗಿದೆ. ಸದ್ದು ಹೆಚ್ಚಾದರೆ ಗೇನ್ ಇಳಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ಹಾಡು ಕೇಳಲು ಇಷ್ಟು ಸಾಕು. ಆದರೆ ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಅಳೆಯಲು ಹೊರಟವರಿಗೆ ಇದು ಉಪಯೋಗವಿಲ್ಲ. ಎಲ್ಲವನ್ನೂ ಸಮ ಮಾಡಿಬಿಟ್ಟರೆ ಕುಗ್ಗಿದ್ದು ಸಿಗ್ನಲ್ಲೋ ಯಂತ್ರವೋ ತಿಳಿಯುವುದಾದರೂ ಹೇಗೆ?

ಇಲ್ಲಿ ನೆನಪಾಗುವುದು ಸಂತೆಯ ತಕ್ಕಡಿ (ನಮ್ಮ ಮನೆಯ ಉರ್ದುವಿನಲ್ಲಿ ತರಾಜೂ). ತಕ್ಕಡಿಯ ಮೇಲೆ ಅನುಮಾನ ಬಂದರೆ ಒಂದು ಕಿಲೋದ ಕಲ್ಲನ್ನೇ ಇಟ್ಟು ನೋಡುತ್ತೇವೆ. ಅದು 950 ಗ್ರಾಂ ತೋರಿಸಿದರೆ ತಪ್ಪು ಎಷ್ಟೆಂದು ಗೊತ್ತಾಯಿತು. ಎಂಜಿನಿಯರುಗಳೂ ಹೀಗೇ ಮಾಡುತ್ತಾರೆ. ಪರೀಕ್ಷೆಗೆಂದೇ ಒಂದು ಸಿಗ್ನಲ್ಲನ್ನು ರಿಸೀವರ್‌ನೊಳಗೆ ಬಿಟ್ಟು, ಅದರ ಬಲವನ್ನು ಪವರ್ ಡಿಟೆಕ್ಟರ್‌ನಿಂದ ಅಳೆಯುತ್ತಾರೆ. ರೇಡಿಯೊ ಶಕ್ತಿಯನ್ನು ಅದಕ್ಕೆ ತಕ್ಕ ವೋಲ್ಟೇಜ್ ಆಗಿ ಬದಲಿಸಿ ತೋರಿಸುವ ಸಣ್ಣ ಸರ್ಕ್ಯೂಟ್ ಅದು.

ಆದರೆ ಡಿಟೆಕ್ಟರ್ ಕೂಡ ಅದೇ ಬಿಸಿಲಲ್ಲಿದೆ! ಅದರ ಅಳತೆಯೂ ಶಾಖಕ್ಕೆ ಕದಲುತ್ತದೆ. ಆಡಿಟ್ ಮಾಡುವವರ ಲೆಕ್ಕವೇ ತಪ್ಪಿದ ಹಾಗೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಒಂದರ ಬದಲು ಎರಡು ಡಿಟೆಕ್ಟರ್ ಇಡುತ್ತಾರೆ. ಎರಡೂ ಅವಳಿ-ಜವಳಿ, ಒಂದೇ ಚಿಪ್‌ನೊಳಗೆ ಒಂದೇ ಶಾಖದಲ್ಲಿ ಇರುವಂಥವು. ಒಂದು ಒಳಬರುವುದನ್ನು ಅಳೆಯುತ್ತದೆ, ಇನ್ನೊಂದು ಹೊರಹೋಗುವುದನ್ನು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಗೇನ್. ಶಾಖದಿಂದ ಬಂದ ತಪ್ಪು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕಳೆಯುವಾಗ ಬಹುಪಾಲು ಹೊಡೆದುಹೋಗುತ್ತದೆ. ಎಡಿ 8302 ಎಂಬ ಚಿಪ್ ಇದಕ್ಕೆಂದೇ ಇದೆ. ಅದರ ಎರಡೂ ಬದಿಗೆ ಸಮ ಶಕ್ತಿ ಕೊಟ್ಟರೆ 0.9 ವೋಲ್ಟ್ ತೋರಿಸುತ್ತದೆ. 1 ಡೆಸಿಬೆಲ್ ವ್ಯತ್ಯಾಸವಾದರೆ 30 ಮಿಲಿವೋಲ್ಟ್ ಸರಿಯುತ್ತದೆ. ಎಷ್ಟು ಸರಿಯಿತೋ ಅಷ್ಟು ಗೇನನ್ನು ಹಿಂದಕ್ಕೆ ತಿದ್ದಿದರಾಯಿತು.

ಇನ್ನೊಂದು ದಾರಿ ಹಳೆಯದು. 1946ರಲ್ಲಿ ರಾಬರ್ಟ್ ಡಿಕಿ ಎಂಬ ಅಮೆರಿಕದ ವಿಜ್ಞಾನಿ ಒಂದೇ ಡಿಟೆಕ್ಟರ್‌ನಿಂದ ಎರಡು ಕೆಲಸ ಮಾಡಿಸಿದರು. ಸ್ವಿಚ್ ಒಂದು ಕ್ಷಣ ಆಂಟೆನಾದ ಕಡೆ, ಮರುಕ್ಷಣ ಬಲ ಗೊತ್ತಿರುವ ಮೂಲದ ಕಡೆ. ಇದು ಬೇಗಬೇಗ ನಡೆಯುವುದರಿಂದ ಮಧ್ಯದಲ್ಲಿ ಗೇನ್ ಬದಲಾಗಲು ಸಮಯವೇ ಸಿಗುವುದಿಲ್ಲ.

ಈ ಹೋಲಿಕೆಯ ವಿದ್ಯೆಗೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಪರೀಕ್ಷೆ ಎದುರಾಯಿತು. 2018ರಲ್ಲಿ ‘ಎಡ್ಜಸ್’ ಎಂಬ ತಂಡ, ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿದ ಕಾಲದ ಗುರುತು ಸಿಕ್ಕಿತು ಎಂದು ಪ್ರಕಟಿಸಿತು. ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಆಂಟೆನಾದಲ್ಲಿ, 78 ಮೆಗಾಹರ್ಟ್ಸ್ ಹತ್ತಿರ ಅರ್ಧ ಕೆಲ್ವಿನ್‌ನಷ್ಟು ತಗ್ಗು ಅವರಿಗೆ ಕಂಡಿತ್ತು. ಅದೇ ಜಾಗದಲ್ಲಿ ನಮ್ಮ ಆಕಾಶಗಂಗೆಯ ಗದ್ದಲ ಅದರ ಸಾವಿರಾರು ಪಟ್ಟು. ಅಂದರೆ ಗೇನ್ ಸಾವಿರದಲ್ಲಿ ಒಂದು ಪಾಲು ಅತ್ತಿತ್ತ ಆದರೂ ಇಲ್ಲದ ಗುರುತು ಇದ್ದಂತೆ ಕಾಣಬಹುದು, ಇದ್ದದ್ದು ಮುಚ್ಚಿಹೋಗಬಹುದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು (ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ್ದು) ಇದನ್ನು ಪರೀಕ್ಷಿಸಲು ‘ಸರಸ್ 3’ ಎಂಬ ರೇಡಿಯೊ ದೂರದರ್ಶಕ ತಯಾರಿಸಿದರು. ಇದರಲ್ಲೂ ಡಿಕಿಯ ಸ್ವಿಚ್ ಇದೆ: ಆಂಟೆನಾ, ಗೊತ್ತಿರುವ ಮೂಲ, ಮತ್ತೆ ಆಂಟೆನಾ. ಆದರೆ ಡಿಟೆಕ್ಟರ್ ಬದಲು, ಪ್ರತಿ ತರಂಗಾಂತರದ ಶಕ್ತಿಯನ್ನೂ ಬೇರೆಬೇರೆಯಾಗಿ ಅಳೆಯುವ ಡಿಜಿಟಲ್ ಯಂತ್ರ. 2020ರಲ್ಲಿ ಅದನ್ನು ತೆಪ್ಪದ ಮೇಲೆ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಉತ್ತರ ಬಂತು: ಎಡ್ಜಸ್ ಹೇಳಿದ ಆಕಾರದ ತಗ್ಗು ಇಲ್ಲಿ ಕಾಣಲಿಲ್ಲ, 95.3 ಶೇಕಡಾ ಭರವಸೆಯಿಂದ ಅದನ್ನು ತಳ್ಳಿಹಾಕಬಹುದು.

ನೀರಿನ ಮೇಲೇ ಯಾಕೆ? ಗೊತ್ತಿರುವ ಮೂಲದೊಂದಿಗೆ ಹೋಲಿಸುವ ಸ್ವಿಚ್ ಎಡ್ಜಸ್ ತಂಡದವರ ಬಳಿಯೂ ಇತ್ತು. ಆದರೆ ಈ ತಕ್ಕಡಿ ತೂಗುವುದು ಸ್ವಿಚ್ ದಾಟಿ ಒಳಬಂದದ್ದನ್ನು ಮಾತ್ರ. ಆಂಟೆನಾದ ಕೆಳಗಿನ ನೆಲ ಸಿಗ್ನಲ್‌ಗೆ ಏನು ಬೆರೆಸುತ್ತದೆ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ನೆಲದೊಳಗೆ ಮಣ್ಣು, ಕಲ್ಲು, ತೇವ ಪದರಪದರವಾಗಿ ಇರುತ್ತವೆ, ಪ್ರತಿ ಪದರವೂ ತನ್ನದೇ ರೀತಿಯಲ್ಲಿ ತರಂಗವನ್ನು ಹಿಂದಕ್ಕೆ ಕಳಿಸುತ್ತದೆ. ಆಳವಾದ ನೀರು ಮೇಲಿಂದ ಕೆಳಗಿನವರೆಗೂ ಒಂದೇ ತೆರನಾಗಿರುತ್ತದೆ.